ಗಂಗಿಯ ಜೊತೆ ನಿಂತವರಿಗೆ

ನಮ್ಮ ಬೆಕ್ಕು ಗಂಗಿಯ ಕುತ್ತಿಗೆಯ ಹೊಲಿಗೆ ಬಿಚ್ಚಿದ್ದಾಯಿತು. ಗಾಯ ಒಣಗಿದೆ. ಥೈರಾಯ್ಡ್ ರಿಪೋರ್ಟ್ ನಾರ್ಮಲ್ ಬಂದಿದೆ. ದಾರಿಯಲ್ಲಿ ಸಿಕ್ಕಾಗಲೆಲ್ಲ "ಗಂಗಿ ಹೆಂಗದಾಳ್ರಿ?" ಎಂದು ಕೇಳುತ್ತಿದ್ದ ಮಾಳಮಡ್ಡಿಯ ನಮ್ಮ ಓಣಿಯವರಿಗೆ ಮೊದಲು ಈ ಸುದ್ದಿ ಹೇಳಬೇಕು. ಆರಾಮಾಗಿದ್ದಾಳೆ. ನಿಮಗೆಲ್ಲ ತುಂಬಾ ಥ್ಯಾಂಕ್ಸ್.

ಗಂಗಿಗೆ ಈಗ 13 ವರ್ಷ. ಚಳಿಗಾಲದಿಂದಲೇ ಇಳಿಯುತ್ತಾ ಬಂದಳು. ಆದರೆ ಊಟ ಮಾತ್ರ ಜಾಸ್ತಿಯಾಗಿತ್ತು. ತಟ್ಟೆ ನೆಕ್ಕಿ ಮತ್ತೆ ಒಲೆಯ ಹತ್ತಿರ ಬಂದು ಕೂಗುತ್ತಿದ್ದಳು. ನೀರು ಬಹಳ ಕುಡಿಯುತ್ತಿದ್ದಳು, ರಾತ್ರಿಯೆಲ್ಲ ಮನೆ ತುಂಬ ಅಡ್ಡಾಡುತ್ತಿದ್ದಳು. ಬೆನ್ನ ಮೇಲೆ ಕೈಯಾಡಿಸಿದರೆ ಬರೀ ಎಲುಬು. ಒಂದು ಕಡೆ ಜಂತಿನ ಔಷಧ ಕೊಟ್ಟು ಕಳಿಸಿದರು. ಹಲವರು "ವಯಸ್ಸಾತು, ಇನ್ನೇನ್ ಮಾಡ್ತೀರಿ" ಎಂದರು. ಹಾಗೆ ಹೇಳದೆ ಇದ್ದವರಿಗೆ ಈ ಬರಹ.

ಹುಬ್ಬಳ್ಳಿಯ ಡಾಕ್ಟರ್ ಮೇಡಂ ಅವಳ ಗಂಟಲ ಕೆಳಗೆ ಎರಡು ಬೆರಳಿಟ್ಟು ಮೆಲ್ಲಗೆ ಸವರಿದರು. ಎಡಗಡೆ ಸಣ್ಣ ಗಂಟು ಸಿಕ್ಕಿತು. ಎದೆಬಡಿತ ನಿಮಿಷಕ್ಕೆ 240 ದಾಟಿತ್ತು. ರಕ್ತದಲ್ಲಿ ಟಿ4, ಅಂದರೆ ಥೈರಾಯ್ಡ್ ಹಾರ್ಮೋನ್, ನೋಡಿಸಿದರು. ಹೆಚ್ಚೆಂದರೆ 4ರ ಆಸುಪಾಸು ಇರಬೇಕಾದದ್ದು 10ರ ಮೇಲಿತ್ತು. ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡಿದರೆ ತಿಂದದ್ದೆಲ್ಲ ಮೈಯಲ್ಲಿ ಉರಿದು ಹೋಗುತ್ತದೆ, ಹೃದಯಕ್ಕೆ ಬಿಡುವೇ ಇರುವುದಿಲ್ಲ. ವಯಸ್ಸಾದ ಬೆಕ್ಕುಗಳಿಗೆ ಇದು ಬರುತ್ತದಂತೆ, ಹೆಚ್ಚಿನವಕ್ಕೆ ಅದು ಕ್ಯಾನ್ಸರ್ ಗಂಟಲ್ಲ. ಆ ಮಾತು ಕೇಳಿದ ಮೇಲೆ ಅವ್ವ ಕುರ್ಚಿಯ ಮೇಲೆ ಕೂತಳು. ಅಲ್ಲಿಯವರೆಗೂ ನಿಂತೇ ಇದ್ದಳು.

ಮೇಡಂಗೆ ನಾನು ಜಾಸ್ತಿ ಋಣಿಯಾಗಿರುವುದು ಅವರು ಅವಸರ ಮಾಡದ್ದಕ್ಕೆ. ಟಿ4 ಅಷ್ಟು ಮೇಲಿರುವಾಗ ಆಪರೇಷನ್‌ಗೆಂದು ಅರಿವಳಿಕೆ ಕೊಟ್ಟರೆ ಹೃದಯ ತಡೆಯಲಿಕ್ಕಿಲ್ಲ ಎಂದು ಮೊದಲು ಥೈರಾಯ್ಡ್ ತಗ್ಗಿಸುವ ಕಾರ್ಬಿಮಜೋಲ್ ಮಾತ್ರೆ ಶುರು ಮಾಡಿದರು. ಮೂತ್ರಪಿಂಡವನ್ನೂ ನೋಡುತ್ತಾ ಹೋದರು. ಥೈರಾಯ್ಡ್ ಜೋರಾಗಿರುವಾಗ ಕಿಡ್ನಿಯ ತೊಂದರೆ ಅದರ ಹಿಂದೆ ಮರೆಯಾಗಿರುತ್ತದೆ, ಥೈರಾಯ್ಡ್ ಇಳಿದ ಮೇಲೆ ಹೊರಬೀಳುತ್ತದೆ. ನಮ್ಮ ಪುಣ್ಯ, ಅವಳ ಕಿಡ್ನಿ ಚೆನ್ನಾಗಿತ್ತು. ಮಾತ್ರೆಯನ್ನೇ ಕಾಯಂ ಮುಂದುವರಿಸಬಹುದಿತ್ತು, ಆದರೆ ಗಂಗಿಗೆ ಅದು ಒಗ್ಗಲಿಲ್ಲ. ಮುಖವನ್ನು ರಕ್ತ ಬರುವ ಹಾಗೆ ಕೆರೆದುಕೊಂಡಳು. ಆಗಲೇ ಆಪರೇಷನ್ ಎಂದು ತೀರ್ಮಾನ ಮಾಡಿದ್ದು.

ಮೆಡಿಕಲ್ ಶಾಪಿನ ಅಣ್ಣ ಆ ಪುಟ್ಟ ಮಾತ್ರೆಗಳನ್ನು ಅರ್ಧ ಮಾಡಿ ಕೊಡುತ್ತಿದ್ದರು. ತಂಗಿ ಹೆರಿಗೆಗೆ ಮನೆಗೆ ಬಂದಿದ್ದಾಳೆ ಎಂದು ಗೊತ್ತಾದದ್ದೇ ತಡ, "ಅಕ್ಕಾರ, ಬಸುರಿ ಇದ್ದಾಕಿ ಈ ಗುಳಿಗಿ ಮುಟ್ಟಬಾರದ್ರಿ" ಎಂದು ಕೈಗವಸಿನ ಪ್ಯಾಕೆಟ್ ಕೊಟ್ಟರು. ದುಡ್ಡು ತಗೊಳ್ಳಲಿಲ್ಲ. ಪಕ್ಕದ ಮನೆಯ ಕಾಕಾ ಮಳೆಯಲ್ಲೂ ಕಾರು ತೆಗೆದರು. ಹುಬ್ಬಳ್ಳಿ ದಾರಿಯಲ್ಲಿ ನವಲೂರು ದಾಟುವಾಗ ಗಂಗಿ ಕೂಗಿದರೆ ಕಾರು ನಿಧಾನ ಮಾಡಿ ಅವಳ ಜೊತೆ ಮಾತಾಡುತ್ತಿದ್ದರು.

ಆಪರೇಷನ್ ಮಾಡಿ ಎಡಗಡೆಯ ಗ್ರಂಥಿ ತೆಗೆದರು. ಬಲಗಡೆಯದು ಊದಿರಲಿಲ್ಲ, ಬಿಟ್ಟರು. ನಿಜವಾದ ಹೆದರಿಕೆ ಆಮೇಲಿನದು. ಥೈರಾಯ್ಡ್‌ಗೆ ಅಂಟಿಕೊಂಡೇ ಜೋಳದ ಕಾಳಿಗಿಂತ ಸಣ್ಣ ಪ್ಯಾರಾಥೈರಾಯ್ಡ್ ಗ್ರಂಥಿಗಳಿರುತ್ತವೆ, ರಕ್ತದ ಕ್ಯಾಲ್ಸಿಯಂ ನೋಡಿಕೊಳ್ಳುವುದು ಅವೇ. ಎರಡೂ ಕಡೆ ತೆಗೆದಾಗ ಅವಕ್ಕೆ ಪೆಟ್ಟಾಗುವ ಭಯ ಜಾಸ್ತಿ. ಒಂದೇ ಕಡೆಯಾದರೂ ಮೇಡಂ ಮೈಮರೆಯಲಿಲ್ಲ. ಕ್ಯಾಲ್ಸಿಯಂ ಬಿದ್ದರೆ ಮೊದಲು ಮುಖ ಅದುರುತ್ತದೆ, ಕಿವಿ ಜಗ್ಗುತ್ತದೆ, ಕಾಲು ನಡುಗುತ್ತದೆ, ಆಮೇಲೆ ಫಿಟ್ಸ್ ಬರಬಹುದು. ಅದಕ್ಕೇ ಅಲ್ಲಿ ಕೆಲಸ ಮಾಡುವ ಹುಡುಗ ರಾತ್ರಿ ಅವಳ ಪಂಜರದ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತ. ಆಗಾಗ ನನಗೆ ವಿಡಿಯೋ ಕಳಿಸುತ್ತಿದ್ದ. "ಕಿವಿ ಸುಮ್ನೆ ಅದಾವ್ರಿ ಅಕ್ಕಾ, ಮಲಕ್ಕೋರಿ" ಎಂದು ಒಂದು ಮೆಸೇಜು. ಬೆಳಗಿನ ಜಾವ ಅವಳು ತಾನೇ ಎದ್ದು ಚಿಕನ್ ಸಾರು ನೆಕ್ಕಿದ ವಿಡಿಯೋ ನೋಡಿ ಮನೆಯವರೆಲ್ಲ ಅತ್ತೆವು. ತಮ್ಮಾ, ನಿನ್ನ ಆ ರಾತ್ರಿಗೆ ನಾವೇನು ಕೊಟ್ಟರೂ ಕಡಿಮೆಯೇ.

ಮೂಳೆ ಬಿಡಿಸಿದ ಚಿಕನ್ ತೆಗೆದಿಟ್ಟು ಕೊಡುತ್ತಿದ್ದ ಅಂಗಡಿಯ ಚಾಚಾ, ಹೊಲಿಗೆ ಕೆರೆದುಕೊಳ್ಳಬಾರದೆಂದು ಮೆತ್ತನೆಯ ಬಟ್ಟೆಯ ಕಾಲರ್ ಹೊಲಿದುಕೊಟ್ಟ ಎದುರುಮನೆಯ ವೈನಿ, ನಿಮ್ಮನ್ನೂ ನೆನೆಯದೆ ಇರಲಾರೆ.

ಗಂಗಿ ಈಗ 3.4 ಕೆಜಿ. ರಾತ್ರಿ ಮಲಗುತ್ತಾಳೆ. ಬಲಗಡೆಯ ಗ್ರಂಥಿ ಮುಂದೆ ಊದಬಹುದು, ಹಾಗಾಗಿ ಆಗಾಗ ಟಿ4 ನೋಡಿಸುತ್ತಿರಬೇಕು. ಯಾರ ಮನೆಯಲ್ಲಾದರೂ ವಯಸ್ಸಾದ ಬೆಕ್ಕು ಚೆನ್ನಾಗಿ ತಿಂದೂ ಸೊರಗುತ್ತಿದ್ದರೆ ಈ ಪರೀಕ್ಷೆ ಒಮ್ಮೆ ಮಾಡಿಸಿ. ಅವಳಿಗೆಂದು ತಂದ ಒಯ್ಯುವ ಪಂಜರ, ಬಿಸಿನೀರಿನ ಚೀಲ ನಮ್ಮ ಮನೆಯಲ್ಲಿವೆ. ಧಾರವಾಡದಲ್ಲಿ ಯಾರಿಗೆ ಬೇಕಾದರೂ ಬಂದು ತಗೊಂಡು ಹೋಗಿ.