ಬ್ರೂಸ್ ಲೀ ಬೆನ್ನಿನ ಬಗ್ಗೆ, ಪುಟ್ಟನಿಗೆ

ಪ್ರೀತಿಯ ಪುಟ್ಟಾ,

ನಿನ್ನ ಪತ್ರ ಬಂತು. ಸ್ಕ್ಯಾನಿಂಗಿನ ವಿಷಯ, ಡಾಕ್ಟರು ಹೇಳಿದ್ದು, ಎಲ್ಲಾ ಅಕ್ಕ ಫೋನಿನಲ್ಲಿ ಹೇಳಿದ್ದಾಳೆ. ಅದನ್ನು ಮತ್ತೆ ಎತ್ತುವುದಿಲ್ಲ. ಮಲಗಿಕೊಂಡು ಬ್ರೂಸ್ ಲೀ ಸಿನಿಮಾಗಳನ್ನೆಲ್ಲ ಮತ್ತೆ ನೋಡಿದೆ ಅಂತ ಬರೆದಿದ್ದೀಯ, ಖುಷಿಯಾಯ್ತು. ಆದರೆ ಕೊನೆಯಲ್ಲಿ ಒಂದು ಸಾಲು ಇತ್ತು ನೋಡು. 'ಅವನು ಬೆನ್ನು ಮುರಿದುಕೊಂಡೂ ಎದ್ದ ಮಾವಾ, ನಾನು ಏಳದಿದ್ದರೆ ಸೋತ ಹಾಗೆ ಅಲ್ವಾ?' ಅದನ್ನು ಓದಿದ ಮೇಲೆ ಎರಡು ರಾತ್ರಿ ನನಗೆ ಸರಿಯಾಗಿ ನಿದ್ದೆ ಬಂದಿಲ್ಲ.

ಅಲ್ಲ ಕಣೋ, ಅಂತ ಒಂದೇ ಮಾತು ಬರೆದು ಕಳಿಸಬಹುದಿತ್ತು. ಅಷ್ಟಕ್ಕೆ ನೀನು ನಂಬುವವನಲ್ಲ. ಜೊತೆಗೆ, ಆ ಸಿನಿಮಾ ನಿನಗೆ ಮೊದಲು ತೋರಿಸಿದವನು ನಾನೇ.

ಅವನ ಜೀವನದ ಕಥೆ ಅಂತ 1993ರಲ್ಲಿ ಬಂತಲ್ಲ, ಜೇಸನ್ ಸ್ಕಾಟ್ ಲೀ ಬ್ರೂಸ್ ಲೀ ಪಾತ್ರ ಮಾಡಿದ್ದು. ಅದನ್ನು ನೋಡಿದವರೆಲ್ಲ ಒಂದೇ ಮಾತು ಹೇಳುತ್ತಾರೆ, ಎಂಥಾ ಛಲ, ಹಾಸಿಗೆ ಹಿಡಿದವನು ಎದ್ದು ನಿಂತ ಅಂತ. ನಾನೂ ಹಾಗೇ ಹೇಳಿಕೊಂಡು ಓಡಾಡಿದವನು. ಸಿನಿಮಾದಲ್ಲಿ ಏನಾಗುತ್ತೆ? ಜಗಳ ಗೆದ್ದ ಮೇಲೆ ಎದುರಾಳಿ ಬಂದು ಬೆನ್ನಿಗೆ ಒದೆಯುತ್ತಾನೆ. ಅಂದ ಮೇಲೆ ಸೇಡು ಬೇಕು, ಏಳಲೇಬೇಕು. ನೋಡುವವನ ಕೈಯೂ ಮುಷ್ಟಿ ಕಟ್ಟುತ್ತದೆ.

ನಿಜವಾಗಿ ಅಲ್ಲಿ ಯಾರೂ ಒದೆಯಲಿಲ್ಲ. 1970ರ ಆಗಸ್ಟ್. ಒಂದು ಬೆಳಿಗ್ಗೆ, ಸರಿಯಾಗಿ ವಾರ್ಮಪ್ ಮಾಡದೆ, ಬಾರ್ಬೆಲ್ಲನ್ನು ಭುಜದ ಮೇಲಿಟ್ಟುಕೊಂಡು ಮುಂದಕ್ಕೆ ಬಗ್ಗಿದ. 125 ಪೌಂಡ್, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 57 ಕಿಲೋ. ಬೆನ್ನು ಹಿಡಿಯಿತು. ಇನ್ನು ಮೇಲೆ ಕಿಕ್ ಮಾಡುವುದನ್ನು ಮರೆತುಬಿಡು ಅಂದರು ಡಾಕ್ಟರು. ಅಷ್ಟೇ ಪುಟ್ಟಾ. ಸೇಡು ತೀರಿಸಿಕೊಳ್ಳಲು ಯಾರೂ ಇರಲಿಲ್ಲ. ನಿನಗೂ ಯಾರೂ ಇಲ್ಲ. ಹಾಗಿರುವಾಗ ಯಾರಿಗೆ ಸೋಲುತ್ತೀಯ ಹೇಳು?

ಹೌದು, ಅವನು ಎದ್ದ. ಅದನ್ನು ಸುಳ್ಳು ಅನ್ನುವುದಿಲ್ಲ. 1971ರಲ್ಲಿ ಥಾಯ್ಲೆಂಡಿಗೆ ಹೋಗಿ 'ದ ಬಿಗ್ ಬಾಸ್' ಸಿನಿಮಾ ಮಾಡಿದ. ಬೆನ್ನು ನೋವು ಮಾತ್ರ ಅವನನ್ನು ಪೂರ್ತಿ ಬಿಡಲೇ ಇಲ್ಲ. ಆದರೆ ನಡುವಿನ ತಿಂಗಳುಗಳಲ್ಲಿ ಏನು ಮಾಡಿದ? ಮಲಗಿದ. ಓದಿದ. ನೋಟ್ಸ್ ಬರೆದ. ಅವನು ತೀರಿಹೋದ ಮೇಲೆ, 1975ರಲ್ಲಿ, ಆ ನೋಟ್ಸ್ ಪುಸ್ತಕವಾಗಿ ಬಂತು. ದುಡ್ಡಿಗೆ ಕಷ್ಟ ಆದಾಗ ಹೆಂಡತಿ ಲಿಂಡಾ ಕೆಲಸಕ್ಕೆ ಹೋದಳು, ಇವನು ಮನೆಯಲ್ಲಿ ಎರಡು ಮಕ್ಕಳನ್ನು ನೋಡಿಕೊಂಡ. ಮಗಳು ಶ್ಯಾನನ್‌ಗೆ ಆಗ ಇನ್ನೂ ಎರಡು ವರ್ಷವೂ ತುಂಬಿರಲಿಲ್ಲ. ಸಿನಿಮಾ ಇದನ್ನೆಲ್ಲ ಬೇಗ ದಾಟಿಸಿಬಿಡುತ್ತದೆ. ನೋಡುವವರಿಗೂ ಅದು ಬೇಡ. ನನಗೆ ಈಗ ಬೇಕಾಗಿರುವುದು ಅದೇ.

ನಿನ್ನ ಸಾಲು ಮತ್ತೆ ತೆಗೆದು ನೋಡಿದೆ. 'ಏಳದಿದ್ದರೆ.' ಆ ಮಾತು ನಿನ್ನ ಬಾಯಿಗೆ ಎಲ್ಲಿಂದ ಬಂತು ಅಂತ ಯೋಚಿಸಿದೆ. ನನಗೆ ಗೊತ್ತು.

ನಿನಗೆ ಆಗ ಎಂಟು ವರ್ಷ ಇರಬೇಕು. ಮೊದಲ ಸ್ಪಾರಿಂಗ್, ಅಂದರೆ ಅಭ್ಯಾಸದ ಹೊಡೆದಾಟ. ದೊಡ್ಡ ಹುಡುಗನೊಬ್ಬ ಕಾಲು ಕೊಟ್ಟು ನಿನ್ನನ್ನು ಬೀಳಿಸಿದ. ಕೆಳತುಟಿ ಒಡೆದು ಬಿಳಿ ಅಂಗಿಯ ಕಾಲರಿನ ಮೇಲೆ ರಕ್ತ ಬಿತ್ತು, ಗುಂಡಿಯಷ್ಟಗಲ. ನೀನು ನನ್ನ ಕಡೆ ನೋಡಿದೆ. ನಾನು ಓಡಿ ಬರಬೇಕಿತ್ತು. ಕೂತಲ್ಲಿಂದಲೇ 'ಏಳೋ, ಬ್ರೂಸ್ ಲೀ ಅಳ್ತಾನಾ?' ಅಂತ ಕೂಗಿದೆ. ನೀನು ಎದ್ದೆ. ನಾನು ಚಪ್ಪಾಳೆ ತಟ್ಟಿದೆ. ಆವತ್ತು ನಿನ್ನ ಕಣ್ಣಲ್ಲಿ ಇದ್ದದ್ದು ಧೈರ್ಯ ಅಂದುಕೊಂಡಿದ್ದೆ. ಈಗ ಅನ್ನಿಸುತ್ತೆ, ನಾನು ಏನಂದುಕೊಳ್ಳುತ್ತೇನೋ ಅನ್ನುವ ಹೆದರಿಕೆ ಅದು. ತಪ್ಪಾಯ್ತು ಪುಟ್ಟಾ. ಇದನ್ನು ಇಷ್ಟು ವರ್ಷ ಹೇಳಿರಲಿಲ್ಲ.

ನನ್ನ ಬಲ ಭುಜದ ಕಥೆಯೂ ನಿಮ್ಮ ಯಾರಿಗೂ ಪೂರ್ತಿ ಗೊತ್ತಿಲ್ಲ. ವಯಸ್ಸಿನಲ್ಲಿ ಕಳಚಿತ್ತು. ಒಂದು ತಿಂಗಳು ಮುಟ್ಟಬೇಡ ಅಂದಿದ್ದರು ಮಾಸ್ತರು. ಹದಿನೈದನೇ ದಿನಕ್ಕೆ ಡೆಮೊ ಇತ್ತು. ನೋವು ಮುಚ್ಚಿಟ್ಟು ಹೋದೆ, ಹೆಂಚು ಒಡೆದೆ, ಜನ ಕೂಗಿದರು. ಆಮೇಲೆ ಆ ಕೈ ಮೊದಲಿನ ಹಾಗೆ ಆಗಲೇ ಇಲ್ಲ. ಈಗಲೂ ಮೇಲಿನ ಶೆಲ್ಫಿನ ಡಬ್ಬ ಇಳಿಸಲು ಎಡಗೈಯೇ ಬೇಕು. ಕೂಗಿದವರ ಪೈಕಿ ಒಬ್ಬರ ಮುಖವೂ ನನಗೆ ನೆನಪಿಲ್ಲ.

ಇರಲಿ, ಸಿನಿಮಾ ವಿಷಯಕ್ಕೆ ಬರುತ್ತೇನೆ. ಯಾವುದು ಜಾಸ್ತಿ ಇಷ್ಟ ಅಂತ ಕೇಳಿದ್ದೀಯ. ಸಿಕ್ಕವರೆಲ್ಲ ಹೇಳುವುದು 'ಎಂಟರ್ ದ ಡ್ರ್ಯಾಗನ್', ಅದರಲ್ಲೂ ಆ ಕನ್ನಡಿ ಕೋಣೆಯ ಹೊಡೆದಾಟ. ಅದರ ಪರವಾಗಿ ನಾನೂ ಬಹಳ ಕಾಲ ವಾದ ಮಾಡಿದ್ದೇನೆ. ಕೆಲವರಿಗೆ 'ಫಿಸ್ಟ್ ಆಫ್ ಫ್ಯೂರಿ'ಯಲ್ಲಿ ನಾಯಿಗಳಿಗೂ ಚೀನೀಯರಿಗೂ ಪ್ರವೇಶ ಇಲ್ಲ ಅನ್ನುವ ಪಾರ್ಕಿನ ಬೋರ್ಡನ್ನು ಒದ್ದು ಒಡೆಯುವ ಜಾಗ. ಅದೂ ಒಪ್ಪಬೇಕಾದ್ದೇ, ಈಗಲೂ ನನಗೆ ರೋಮಾಂಚನ ಆಗುತ್ತೆ. 1978ರ 'ಗೇಮ್ ಆಫ್ ಡೆತ್' ಮಾತ್ರ ನನ್ನ ಕೈಲಿ ಆಗಲ್ಲ. ಅವನು ಸತ್ತ ಮೇಲೆ ಅವನ ಜಾಗಕ್ಕೆ ಬೇರೆಯವರನ್ನು ನಿಲ್ಲಿಸಿ, ಕನ್ನಡಿಯ ಮೇಲೆ ಅವನ ಮುಖದ ಚಿತ್ರ ಅಂಟಿಸಿ, ಅವನ ನಿಜವಾದ ಶವಸಂಸ್ಕಾರದ ದೃಶ್ಯವನ್ನೂ ಸೇರಿಸಿದ್ದಾರೆ. ಸತ್ತವನನ್ನೂ ಏಳಿಸಿದರು ನೋಡು, ಜನ ಏಳು ಅಂದರು ಅಂತ.

ಈಗ ಕೇಳಿದರೆ ನಾನು 'ವೇ ಆಫ್ ದ ಡ್ರ್ಯಾಗನ್' ಅನ್ನುತ್ತೇನೆ. 1972ರದ್ದು. ಬರೆದದ್ದು, ನಿರ್ದೇಶನ ಮಾಡಿದ್ದು ಅವನೇ. ರೋಮ್‌ನ ಕೊಲೊಸಿಯಂನಲ್ಲಿ ಅಮೆರಿಕದ ಕರಾಟೆ ಪಟು ಚಕ್ ನಾರಿಸ್ ಜೊತೆಗಿನ ಜಗಳ ನೆನಪಿದೆ ಅಲ್ವಾ? ಹೊಡೆದಾಟ ಶುರುವಾಗುವ ಮುಂಚೆ ಇಬ್ಬರೂ ಎಷ್ಟು ಹೊತ್ತು ಮೈ ಸಡಿಲ ಮಾಡಿಕೊಳ್ಳುತ್ತಾರೆ ನೋಡು. ಬೆರಳು, ಕುತ್ತಿಗೆ, ಕಾಲು. ಒಂದು ಬೆಕ್ಕಿನ ಮರಿ ನೋಡುತ್ತಾ ಕೂತಿರುತ್ತೆ. ಬೋರ್, ಬೇಗ ಓಡಿಸು ಅನ್ನುತ್ತಾರೆ ಹುಡುಗರು. ವಾರ್ಮಪ್ ಇಲ್ಲದೆ ಬೆನ್ನು ಕಳೆದುಕೊಂಡು ಎರಡು ವರ್ಷ ಆಗಿತ್ತು ಅವನಿಗೆ. ಅದನ್ನೇ ನೆನೆಸಿಕೊಂಡು ಇಟ್ಟನೋ ಏನೋ ನನಗೆ ಗೊತ್ತಿಲ್ಲ. ನನಗೆ ಹಾಗೆ ಕಾಣುತ್ತೆ.

ಆಮೇಲೆ ಕೊನೆ. ಚಕ್ ನಾರಿಸ್‌ನ ಕೈ ಮುರಿದಿದೆ, ಕಾಲು ಮುರಿದಿದೆ. ಬ್ರೂಸ್ ಲೀ ಅವನ ಮುಖ ನೋಡಿ ಮೆಲ್ಲಗೆ ತಲೆ ಅಲ್ಲಾಡಿಸುತ್ತಾನೆ, ಬೇಡ ಅಂತ. ಆ ಒಂದು ಸಲ ಮಾತ್ರ ಇವನ ಮುಖದಲ್ಲಿ ಸಿಟ್ಟು ಇಲ್ಲ. ಅವನು ಕೇಳುವುದಿಲ್ಲ, ಮೇಲೆ ಬೀಳುತ್ತಾನೆ, ಸಾಯುತ್ತಾನೆ. ಆಗ ಇವನು ಆ ಕರಾಟೆ ಅಂಗಿ, ಬ್ಲ್ಯಾಕ್ ಬೆಲ್ಟ್ ತಂದು ಹೆಣದ ಮೇಲೆ ಹೊದಿಸಿ ಮಂಡಿಯೂರುತ್ತಾನೆ. ಎದ್ದವನು ಯಾರು ಅಲ್ಲಿ? ನೂರು ಸಲ ನೋಡಿದ್ದೇನೆ ಪುಟ್ಟಾ, ನಿನ್ನ ಪತ್ರ ಬರುವ ತನಕ ಆ ತಲೆ ಅಲ್ಲಾಡಿಸುವುದು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ.

ಬುದ್ಧಿ ಹೇಳುವುದಕ್ಕೆ ನಾನು ಯಾರು, ಆದರೂ. ಫಿಸಿಯೋ ಹೇಳಿದ ಚಿಕ್ಕ ಚಿಕ್ಕ ವ್ಯಾಯಾಮ ಇವೆಯಲ್ಲ, ನಾಚಿಕೆ ಪಡದೆ ಮಾಡು. ಅಕ್ಕ ಏಳಿಸಲು ಕೈ ಕೊಟ್ಟರೆ ಹಿಡಿದುಕೋ. ಕ್ಲಾಸಿನ ಹುಡುಗರು ಯಾವಾಗ ಬರ್ತೀಯ ಅಂತ ಕೇಳಿದರೆ ದಿನ ಹೇಳಬೇಡ. ಮನಸ್ಸಿಗೆ ಬಂದದ್ದನ್ನು ಬರೆದಿಡು, ಸುಮ್ನೆ ಒಂದು ನೋಟ್‌ಬುಕ್ಕಲ್ಲಿ. ಇಷ್ಟೇ ನನಗೆ ತೋಚುವುದು. ಇದರಲ್ಲಿ ತಪ್ಪಿದ್ದರೆ ಡಾಕ್ಟರ ಮಾತೇ ಕೇಳು.

ಮತ್ತೆ ಕಿಕ್ ಮಾಡಿದರೆ ಬಂದು ನೋಡುತ್ತೇನೆ. ಮಾಡದಿದ್ದರೂ ಬರುತ್ತೇನೆ. ಚಪ್ಪಾಳೆಗೋಸ್ಕರ ಅಲ್ಲ.

ಮುಂದಿನ ಭಾನುವಾರವೇ ಹೊರಡುತ್ತಿದ್ದೇನೆ. 'ವೇ ಆಫ್ ದ ಡ್ರ್ಯಾಗನ್' ಮತ್ತೆ ಹಾಕೋಣ, ಆ ಜಾಗ ಬಂದಾಗ ಸ್ವಲ್ಪ ನಿಲ್ಲಿಸೋಣ. ನೀನು ಮಲಗಿಕೊಂಡೇ ನೋಡು. ನಾನು ಪಕ್ಕದಲ್ಲಿ ಕುರ್ಚಿ ಹಾಕಿಕೊಳ್ಳುತ್ತೇನೆ.

ನಿನ್ನ ಮಾವ