ಅಮ್ಮನ ಆಪರೇಷನ್ ಚೀಟಿ ಹುಡುಕು

ಮ್ಯಾಂಚೆಸ್ಟರ್, ಭಾನುವಾರ

ಅಕ್ಕ,

ನಾವೆಲ್ಲ ಚೆನ್ನಾಗಿದ್ದೇವೆ. ಭಾವ, ಮಕ್ಕಳನ್ನು ಕೇಳಿದೆ ಅಂತ ಹೇಳು. ನಿನ್ನ ಕಾಗದ ಓದಿ ರಾತ್ರಿ ನಿದ್ದೆ ಬರಲಿಲ್ಲ.

ಕೆಮ್ಮಿದರೆ, ಬಿಂದಿಗೆ ಎತ್ತಿದರೆ ಮೂತ್ರ ಸೋರುತ್ತದೆ ಅಂತ ತಾನೇ ಅಮ್ಮ ಆವತ್ತು ಮೈಸೂರಿನಲ್ಲಿ ಆಪರೇಷನ್ ಮಾಡಿಸಿಕೊಂಡಿದ್ದು? ಆರು ವರ್ಷ ಆರಾಮಾಗಿದ್ದಳು. ವೈರಮುಡಿಗೆ ಮೇಲುಕೋಟೆಗೂ ಹೋಗಿ ಬಂದಳು. ಈಗ ಒಳಗೆ ಚುಚ್ಚುತ್ತದೆ, ಬಟ್ಟೆಯಲ್ಲಿ ರಕ್ತದ ಕಲೆ ಅಂತೀಯ. 'ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ' ಅಂತ ಅವಳು ಹೇಳಿದರೆ ನೀನು ಸುಮ್ಮನಿರಬೇಡ. ಮುಟ್ಟು ನಿಂತ ಮೇಲೆ ರಕ್ತ ಕಂಡರೆ ಕಾರಣ ಏನೇ ಇರಲಿ, ತೋರಿಸಲೇಬೇಕು.

ಆವತ್ತು ಹಾಕಿದ್ದು ಮೂತ್ರ ಹೊರಗೆ ಬರುವ ನಾಳಕ್ಕೆ ಆಸರೆಯಾಗುವ, ಪಾಲಿಪ್ರೊಪಿಲೀನ್ ಅನ್ನುವ ಪ್ಲಾಸ್ಟಿಕ್ ಬಲೆಯ ಪಟ್ಟಿ. ಮೆಶ್ ಅನ್ನುತ್ತಾರೆ. ಎಷ್ಟೋ ಜನಕ್ಕೆ ಅದರಿಂದ ಏನೂ ಆಗುವುದಿಲ್ಲ. ಕೆಲವರಿಗೆ ವರ್ಷಗಳಾದ ಮೇಲೆ ಯೋನಿಯ ಒಳಚರ್ಮ ಸವೆದು ಬಲೆ ಹೊರಗೆ ಕಾಣಿಸಿಕೊಳ್ಳುತ್ತದೆ. ಇಲ್ಲಿ ತುಂಬಾ ಹೆಂಗಸರು ನರಳಿದರು. 2018ರ ಜುಲೈನಲ್ಲಿ ಇಂಗ್ಲೆಂಡಿನಲ್ಲಿ ಈ ಆಪರೇಷನ್ ತಡೆಹಿಡಿದರು. ಹೆಂಗಸರ ನೋವನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ ಅಂತ ಸರ್ಕಾರ ಮಾಡಿಸಿದ ಕಂಬರ್ಲೆಜ್ ತನಿಖೆಯ 2020ರ ವರದಿ ಹೇಳಿತು. ಮಾರನೇ ವರ್ಷ ಮೆಶ್‌ನಿಂದ ತೊಂದರೆಯಾದವರಿಗೇ ಅಂತ ಬೇರೆ ಕೇಂದ್ರಗಳಾದವು. ಇಲ್ಲಿ ಕೆಲವರು ಸೋರುವ ವಿಷಯವನ್ನು ಹಲ್ಲುನೋವಿನಷ್ಟೇ ಸಲೀಸಾಗಿ ಹೇಳುತ್ತಾರೆ. ನಮ್ಮ ಅಮ್ಮ ನಿನ್ನ ಹತ್ತಿರವೇ ಮೂರು ತಿಂಗಳು ಮುಚ್ಚಿಟ್ಟಿದ್ದಾಳೆ.

ಮೊದಲು ಬೀರುವಿನಲ್ಲಿ ಹಳೇ ಡಿಸ್ಚಾರ್ಜ್ ಚೀಟಿ ಹುಡುಕು. ಯಾವ ಮೆಶ್, ಯಾವ ದಾರಿಯಲ್ಲಿ ಹಾಕಿದರು ಅಂತ ಗೊತ್ತಾಗಬೇಕು. ಸಿಗದಿದ್ದರೆ ಆ ಆಸ್ಪತ್ರೆಯಲ್ಲೇ ಕೇಳು. ಆಮೇಲೆ ಇಂಥ ಕೇಸು ನೋಡಿ ಅನುಭವ ಇರುವ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ಬರೀ ಮಾತ್ರೆ ಬರೆದು ಕಳಿಸಲು ಬಿಡಬೇಡ. ಒಳಗೆ ಪರೀಕ್ಷೆ ಮಾಡಬೇಕು, ಬೇಕಿದ್ದರೆ ಕ್ಯಾಮೆರಾ ಹಾಕಿ ಮೂತ್ರಕೋಶವನ್ನೂ ನೋಡಬೇಕು. ಬಲೆ ಸ್ವಲ್ಪವೇ ಹೊರಬಂದಿದ್ದರೆ ಈಸ್ಟ್ರೋಜನ್ ಕ್ರೀಮಿನಲ್ಲೇ ವಾಸಿಯಾಗಬಹುದು, ಇಲ್ಲವೇ ಅಷ್ಟು ಭಾಗ ಕತ್ತರಿಸಬಹುದು. ಮೂತ್ರಕೋಶಕ್ಕೆ ತೂರಿದ್ದರೆ ಆಪರೇಷನ್ ಬೇಕಾಗುತ್ತದೆ.

ಪೂರ್ತಿ ತೆಗೆಯೋಣ ಅಂದರೆ ಮಾತ್ರ ತಕ್ಷಣ ಹೂಂ ಅನ್ನಬೇಡ. ಮಾಂಸ ಬಲೆಯೊಳಗೆ ಬೆಳೆದಿರುತ್ತದೆ, ಬಿಡಿಸುವುದು ಕಷ್ಟ. ತೆಗೆದರೂ ನೋವು ಉಳಿಯಬಹುದು, ಸೋರುವುದು ಮತ್ತೆ ಶುರುವಾಗಬಹುದು. ಇದನ್ನು ಅಮ್ಮನಿಗೂ ಬಿಡಿಸಿ ಹೇಳು. ಮೈ ಅವಳದು ಅಲ್ವಾ? ಅವಳೇ ತೀರ್ಮಾನ ಮಾಡಲಿ.

ದುಡ್ಡಿನ ಚಿಂತೆ ಬೇಡವೇ ಬೇಡ. ನಾಳೆಯೇ ಕಳಿಸುತ್ತೇನೆ. ಕಬ್ಬಿನ ದುಡ್ಡಿಗೆ ಕಾಯಬೇಡಿ. ಅಮ್ಮನಿಗೆ ಏನೂ ಆಗುವುದಿಲ್ಲ, ಖಂಡಿತ ಏನೂ ಆಗುವುದಿಲ್ಲ. ಬೇಕಾದರೆ ನಾನೇ ಬರುತ್ತೇನೆ.

ಡ್ಯೂಟಿಗೆ ಹೊತ್ತಾಯಿತು. ಚೀಟಿ ಸಿಕ್ಕ ಕೂಡಲೇ ಫೋಟೋ ಕಳಿಸು.

ನಿನ್ನ
ಪುಟ್ಟಿ