ಊರು ಮುಟ್ಟಿದ ಮೇಲೂ ಅರ್ಧ ಕಾವ್ಯ ಬಾಕಿ

ಪ್ರೀತಿಯ ತಂಗಿ,

ನಿನ್ನ ಕಾದಂಬರಿಯ ಕರಡು ಪೂರ್ತಿ ಓದಿದೆ. ಟ್ರಾಯ್ ಯುದ್ಧ ಮುಗಿಸಿ, ಸಮುದ್ರದಲ್ಲಿ ಅಲೆದು ಊರಿಗೆ ಮರಳುವ ಗ್ರೀಕ್ ವೀರ ಒಡಿಸ್ಯೂಸ್‌ನ ಕಥೆಯನ್ನು ಕನ್ನಡದಲ್ಲಿ ಹೊಸದಾಗಿ ಹೇಳಲು ಹೊರಟಿದ್ದೀಯ, ತುಂಬ ಖುಷಿಯಾಯಿತು. ಸಮುದ್ರದ ಭಾಗಗಳು ಚೆನ್ನಾಗಿ ಬಂದಿವೆ. ಒಕ್ಕಣ್ಣ ರಾಕ್ಷಸನ ಗುಹೆಯಲ್ಲಿ ನಿನ್ನ ಕೈ ಎಲ್ಲೂ ತಡವರಿಸಿಲ್ಲ. ಬೇಜಾರಾದದ್ದು ಕೊನೆಯಲ್ಲಿ. ಅವನು ತನ್ನ ಊರಾದ ಇಥಾಕ ದ್ವೀಪ ಮುಟ್ಟಿದ ಮೇಲೆ ಒಂದೇ ಅಧ್ಯಾಯದಲ್ಲಿ ಎಲ್ಲ ಮುಗಿಸಿಬಿಟ್ಟಿದ್ದೀಯ. ಬಂದ, ಬಿಲ್ಲು ಎತ್ತಿದ, ಕೊಂದ, ಹೆಂಡತಿಯನ್ನು ಅಪ್ಪಿಕೊಂಡ. ಅದಕ್ಕೇ ಈ ಪತ್ರ.

ಈ ಕಥೆಯನ್ನು ಒಡಿಸ್ಸಿ ಎಂಬ ಕಾವ್ಯವಾಗಿ ಹೇಳಿದ ಗ್ರೀಕ್ ಕವಿ ಹೋಮರ್ ಏನು ಮಾಡಿದ್ದಾನೆ ನೋಡು. ಒಡಿಸ್ಸಿಯಲ್ಲಿ 24 ಸರ್ಗಗಳಿವೆ, ಸುಮಾರು 12,000 ಸಾಲು. ನಾವೆಲ್ಲ ಮಕ್ಕಳಾಗಿದ್ದಾಗ ಕೇಳಿದ ಸಾಹಸಗಳು, ಅಂದರೆ ಒಕ್ಕಣ್ಣ, ಮಾಟಗಾತಿ ಸರ್ಸಿ, ಹಾಡಿ ಕೊಲ್ಲುವ ಸೈರನ್‌ಗಳು, ಇವೆಲ್ಲ ಬರೀ 9ರಿಂದ 12ನೇ ಸರ್ಗದಲ್ಲಿ ಮುಗಿಯುತ್ತವೆ. 13ನೇ ಸರ್ಗದಲ್ಲಿ ಅವನು ಊರಿಗೆ ಬಂದೇಬಿಟ್ಟಿರುತ್ತಾನೆ. ಅದೂ ನಿದ್ದೆಯಲ್ಲಿ. ಹಡಗಿನವರು ಮಲಗಿದ್ದವನನ್ನು ಹಾಗೇ ಎತ್ತಿ ಮರಳಿನ ಮೇಲೆ ಇಳಿಸಿ ಹೋಗುತ್ತಾರೆ. ಎದ್ದು ನೋಡಿದರೆ ಸುತ್ತಲೂ ದೇವತೆ ಅಥೀನಾ ಕವಿಸಿದ ಮಂಜು. ತನ್ನ ನೆಲವೇ ಅವನಿಗೆ ಗುರುತು ಸಿಗುವುದಿಲ್ಲ. ತೊಡೆ ಬಡಿದುಕೊಂಡು, ಇದ್ಯಾರ ದೇಶಕ್ಕೆ ಬಂದೆನಪ್ಪಾ ಎಂದು ಗೋಳಾಡುತ್ತಾನೆ. 20 ವರ್ಷ ಹಂಬಲಿಸಿದ ಜಾಗ ಅದು! ಅಲ್ಲಿಂದ ಮುಂದೆ ಇನ್ನೂ ಅರ್ಧ ಕಾವ್ಯ ಇದೆ.

ಯಾಕಷ್ಟು ಉದ್ದ? ಕಾಲು ನೆಲಕ್ಕೆ ತಾಗಿದ ಕೂಡಲೇ ಅವನು ಒಡಿಸ್ಯೂಸ್ ಆಗಿಬಿಡುವುದಿಲ್ಲ. ಅವನ ಹೆಂಡತಿ ಪೆನೆಲೊಪಿಯನ್ನು ಮದುವೆಯಾಗಬೇಕೆಂದು ಗಂಡಸರ ದಂಡೇ ಅರಮನೆಯಲ್ಲಿ ಬೀಡುಬಿಟ್ಟಿದೆ, ಅದಕ್ಕೇ ಅವನು ಭಿಕ್ಷುಕನ ವೇಷದಲ್ಲಿ ಬರುತ್ತಾನೆ. ಅಲ್ಲಿರುವವರು ಒಬ್ಬೊಬ್ಬರಾಗಿ ಅವನನ್ನು ಗುರುತಿಸಬೇಕು. ಪ್ರತಿಯೊಬ್ಬರ ಗುರುತೂ ಬೇರೆ. ಮಗ ಟೆಲಿಮಾಕಸ್‌ಗೆ ಅಪ್ಪನ ನೆನಪೇ ಇಲ್ಲ, ಅವನು ಬರೀ ಮಾತು ನಂಬಬೇಕು. ಮುದಿ ನಾಯಿ ಆರ್ಗೋಸ್ ಸಗಣಿ ರಾಶಿಯ ಮೇಲೆ ಬಿದ್ದುಕೊಂಡೇ ಬಾಲ ಆಡಿಸುತ್ತದೆ, ಕಿವಿ ಇಳಿಬಿಡುತ್ತದೆ, ಎದ್ದು ಬರಲು ತ್ರಾಣ ಇಲ್ಲ. ವೇಷದಲ್ಲಿರುವ ಯಜಮಾನ ಅದರ ಮೈ ಸವರುವ ಹಾಗೂ ಇಲ್ಲ. ಪಕ್ಕದವನಿಗೆ ಕಾಣದಂತೆ ಕಣ್ಣು ಒರೆಸಿಕೊಂಡು ಮುಂದೆ ಹೋಗುತ್ತಾನೆ. ಎತ್ತಿ ಆಡಿಸಿದ ದಾದಿ ಯೂರಿಕ್ಲಿಯಾಗೆ ಕಾಲು ತೊಳೆಯುವಾಗ ಹಳೆಯ ಗಾಯದ ಕಲೆ ಕೈಗೆ ಸಿಗುತ್ತದೆ. ಅವಳು ಕಾಲು ಬಿಟ್ಟಳು, ಪಾತ್ರೆ ವಾಲಿತು, ನೀರೆಲ್ಲ ಚೆಲ್ಲಿತು. ನಿನ್ನ ಕರಡಿನಲ್ಲಿ ಈ ದಾದಿಯೂ ಇಲ್ಲ, ನಾಯಿಯೂ ಇಲ್ಲ. ಜಾಗ ಸಾಲದು ಅನ್ನಿಸಿದರೆ ಸಮುದ್ರದ ಪುಟಗಳನ್ನು ಕತ್ತರಿಸು, ಇವರನ್ನು ಬಿಡಬೇಡ.

ನಿನ್ನ ನಾಯಕ ತುಂಬ ಧೈರ್ಯದ ಮಾತು ಆಡುತ್ತಾನೆ. ಕಡಿಮೆ ಮಾಡು. ವೀರತನಕ್ಕೆ ಹೋಮರ್ ಏನು ಬೆಲೆ ಕಟ್ಟಿದ್ದಾನೆ ಎಂದು ತಿಳಿಯಬೇಕಾದರೆ ಎರಡು ಜಾಗ ಪಕ್ಕಪಕ್ಕ ಇಟ್ಟು ಓದು. ಟ್ರಾಯ್ ಯುದ್ಧದ ಬಗ್ಗೆ ಹೋಮರ್ ಹೇಳಿದ ಇನ್ನೊಂದು ಕಾವ್ಯ ಇಲಿಯಡ್‌ನ 9ನೇ ಸರ್ಗದಲ್ಲಿ ಗ್ರೀಕರ ಮಹಾವೀರ ಅಕಿಲೀಸ್ ಹೇಳುತ್ತಾನೆ: ಟ್ರಾಯ್‌ನಲ್ಲೇ ನಿಂತು ಹೋರಾಡಿದರೆ ಸಾವು, ಆದರೆ ಅಳಿಯದ ಹೆಸರು, ಮನೆಗೆ ಹೋದರೆ ಹೆಸರಿಲ್ಲ, ದೀರ್ಘ ಬದುಕು. ಅವನು ಕೊನೆಗೆ ಹೆಸರನ್ನೇ ಆರಿಸಿಕೊಂಡ. ಒಡಿಸ್ಸಿಯ 11ನೇ ಸರ್ಗದಲ್ಲಿ ಅದೇ ಅಕಿಲೀಸ್ ಸತ್ತವರ ಲೋಕದಲ್ಲಿ ಸಿಗುತ್ತಾನೆ. ಸತ್ತವರಿಗೆಲ್ಲ ರಾಜನಾಗಿರುವುದಕ್ಕಿಂತ, ಸ್ವಂತ ಜಮೀನೂ ಇಲ್ಲದ ಬಡವನ ಹತ್ತಿರ ಕೂಲಿ ಮಾಡಿಕೊಂಡಾದರೂ ಬದುಕಿರುತ್ತಿದ್ದೆ ಅನ್ನುತ್ತಾನೆ. ಎರಡೂ ಸಲ ಎದುರಿಗೆ ನಿಂತು ಕೇಳಿಸಿಕೊಂಡವನು ಒಡಿಸ್ಯೂಸ್. ಆ ಮಾತು ಕೇಳಿದವನು ಮುಂದೆ ತನ್ನದೇ ಮನೆಯಲ್ಲಿ ಭಿಕ್ಷುಕನಾಗಿ ಕೂತು ಏಟು ತಿನ್ನುತ್ತಾನೆ, ತಿರುಗಿ ಹೊಡೆಯುವುದಿಲ್ಲ. ನನ್ನ ಮಟ್ಟಿಗೆ ಅವನ ಅತಿ ದೊಡ್ಡ ಸಾಹಸ ಅದು. ನೀನು ಅದನ್ನು ಎರಡು ಸಾಲಿನಲ್ಲಿ ದಾಟಿಸಿದ್ದೀಯ.

ಇನ್ನು ನಿಷ್ಠೆಯ ವಿಷಯ. ನಿನ್ನ ಪಾತ್ರಗಳೆಲ್ಲ ತಾವು ನಿಷ್ಠರು ಎಂದು ಬಾಯಿಬಿಟ್ಟು ಹೇಳುತ್ತವೆ. ಹಂದಿ ಕಾಯುವ ಯೂಮಿಯಸ್‌ನನ್ನು ನೋಡು. ಅವನೂ ಒಬ್ಬ ರಾಜನ ಮಗ. ಚಿಕ್ಕವನಾಗಿದ್ದಾಗ ಅಪಹರಿಸಿ ತಂದು ಮಾರಿದ್ದರು. ಯಾರೆಂದೇ ಗೊತ್ತಿಲ್ಲದ ಚಿಂದಿ ಬಟ್ಟೆಯ ಅತಿಥಿಗೆ ಅವನು ಎರಡು ಮರಿ ಹಂದಿ ಕೊಯ್ದು ಬಡಿಸುತ್ತಾನೆ. ಕೊಬ್ಬಿದ ಹಂದಿಗಳೆಲ್ಲ ಅರಮನೆಯಲ್ಲಿ ಬೀಡುಬಿಟ್ಟವರ ಪಾಲಾಗುತ್ತಿವೆ ಎಂದು ಹೇಳಿಯೇ ಬಡಿಸುತ್ತಾನೆ. ರಾತ್ರಿ ಮಳೆ, ಗಾಳಿ. ಅತಿಥಿಯನ್ನು ಒಲೆಯ ಬಳಿ ಬೆಚ್ಚಗೆ ಮಲಗಿಸಿ, ತಾನು ಕತ್ತಿ ಕಟ್ಟಿಕೊಂಡು, ದಪ್ಪ ಮೇಲುಹೊದಿಕೆ ಹೊದ್ದು, ಹಂದಿಗಳ ಹತ್ತಿರವೇ ಬಂಡೆಯ ಮರೆಯಲ್ಲಿ ಮಲಗಲು ಹೋಗುತ್ತಾನೆ. ಯಜಮಾನ ಸತ್ತೇಹೋದ ಎಂದು ಅವನಿಗೆ ಹೆಚ್ಚುಕಡಿಮೆ ಖಾತ್ರಿ. ಆದರೂ ಹೋಗುತ್ತಾನೆ. ಒಳಗಿದ್ದ ಯಜಮಾನ ಅದನ್ನು ಕಂಡು ಸುಮ್ಮನೆ ಸಂತೋಷಪಡುತ್ತಾನೆ. ಹೋಮರ್‌ಗೆ ಇವನ ಮೇಲೆ ಎಷ್ಟು ಪ್ರೀತಿ ಅಂದರೆ, ಕಥೆ ಹೇಳುತ್ತಾ ಹೇಳುತ್ತಾ ಅವನ ಕಡೆಗೇ ತಿರುಗಿ 'ಆಗ ನೀನು ಹೀಗೆಂದೆ, ಯೂಮಿಯಸ್' ಎಂದು ಮಾತಾಡಿಸುತ್ತಾನೆ. ಇಲಿಯಡ್‌ನಲ್ಲಿ ಸಾಯಲಿರುವ ಪೆಟ್ರೊಕ್ಲಸ್‌ಗೆ, ಅಕಿಲೀಸ್‌ನ ಆಪ್ತ ಗೆಳೆಯನಿಗೆ, ಸಿಕ್ಕ ಮರ್ಯಾದೆ ಅದು. ಇಲ್ಲಿ ಹಂದಿ ಕಾಯುವವನಿಗೂ ಸಿಕ್ಕಿದೆ.

ಪೆನೆಲೊಪಿಯನ್ನು ನೀನು ಕಿಟಕಿ ಬಳಿ ಕೂರಿಸಿ ಅಳಿಸಿದ್ದೀಯ. ಅವಳು ಅಳುತ್ತಾಳೆ, ನಿಜ. ಆದರೆ 108 ಮಂದಿ ಗಂಡಸರನ್ನು ವರ್ಷಗಟ್ಟಲೆ ತಡೆದು ನಿಲ್ಲಿಸಿದ ತಲೆ ಅವಳದು. ಮಾವನ ಶವಕ್ಕೆ ಹೊದಿಸುವ ಬಟ್ಟೆ ಎಂದು ಹೇಳಿ, ಹಗಲು ನೇಯ್ದದ್ದನ್ನು ರಾತ್ರಿ ಬಿಚ್ಚಿ ಮೂರು ವರ್ಷ ದೂಡಿದವಳು. ಎಲ್ಲರನ್ನೂ ಕೊಂದು ಗಂಡ ಎದುರು ನಿಂತಾಗಲೂ ಅವಳು ಓಡಿಬರುವುದಿಲ್ಲ. ಅವನ ಹಾಸಿಗೆಯ ಮಂಚವನ್ನು ಹೊರಗೆ ತಂದು ಹಾಕು ಎಂದು ದಾದಿಗೆ ಹೇಳುತ್ತಾಳೆ. ಅವನು ಸಿಟ್ಟಾಗುತ್ತಾನೆ. ಬೇರು ಬಿಟ್ಟ ಆಲಿವ್ ಮರದ ಬೊಡ್ಡೆಯನ್ನೇ ಕಾಲು ಮಾಡಿ ನಾನೇ ಕಟ್ಟಿದ ಮಂಚ, ಅದನ್ನು ಯಾರು ಕದಲಿಸಿದರು? ಎಷ್ಟೋ ಜನರನ್ನು ಯಾಮಾರಿಸಿದವನು ಇಲ್ಲಿ ಅವಳ ಬಲೆಗೆ ಬಿದ್ದ. ಆಗ ಅವಳು ನಂಬಿದಳು.

ಇದರ ನಂತರದ ಹೋಲಿಕೆಯನ್ನು ಹತ್ತು ಸಲ ಓದು. ಹಡಗು ಒಡೆದು, ಉಪ್ಪು ಮೆತ್ತಿದ ಮೈಯಲ್ಲಿ ಈಜಿ ದಡ ಸೇರಿದವರಿಗೆ ನೆಲ ಕಂಡರೆ ಎಷ್ಟು ಹಿತ, ಅಷ್ಟು ಹಿತ ಎಂದು ಕವಿ ಶುರುಮಾಡುತ್ತಾನೆ. ಒಡಿಸ್ಯೂಸ್ ಬಗ್ಗೆ ಹೇಳುತ್ತಿದ್ದಾನೆ ಅಂದುಕೊಳ್ಳುತ್ತೇವೆ. ಹೋಲಿಕೆ ಮುಗಿಯುವಾಗ ಗೊತ್ತಾಗುತ್ತದೆ, ಹೇಳಿದ್ದು ಪೆನೆಲೊಪಿಗೆ. ಮನೆಯಿಂದ ಹೊರಗೆ ಹೋಗದವಳೂ ಅಷ್ಟು ವರ್ಷ ಮುಳುಗುತ್ತಿದ್ದಳು, ಅವಳೂ ಈಗ ದಡ ಸೇರಿದಳು. ನಿನ್ನ ಕಾದಂಬರಿಯಲ್ಲಿ ಮನೆಗೆ ಬರುವವನು ಒಬ್ಬನೇ. ಅವಳನ್ನೂ ಬರಮಾಡಿಕೋ.

ಒಂದು ವಿಷಯ ನೀನು ಬೇಕೆಂದೇ ಬಿಟ್ಟಿದ್ದೀಯ ಅನ್ನಿಸುತ್ತದೆ. ಹನ್ನೆರಡು ದಾಸಿಯರ ಸಾವು. ಆ ಗಂಡಸರ ಜೊತೆ ಮಲಗಿದರು ಎಂಬ ತಪ್ಪಿಗೆ ಅವರಿಂದಲೇ ಹೆಣ ಸಾಗಿಸಿ, ರಕ್ತ ತೊಳೆಸಿ, ಆಮೇಲೆ ಟೆಲಿಮಾಕಸ್ ಹಡಗಿನ ಹಗ್ಗದಲ್ಲಿ ಸಾಲಾಗಿ ನೇಣು ಹಾಕುತ್ತಾನೆ. ಗೂಡಿಗೆ ಮರಳುತ್ತಾ ಬಲೆಗೆ ಸಿಕ್ಕ ಹಕ್ಕಿಗಳಂತೆ, ಕಾಲು ಸ್ವಲ್ಪ ಹೊತ್ತು ಒದ್ದಾಡಿದವು, ಜಾಸ್ತಿ ಹೊತ್ತಲ್ಲ ಅನ್ನುತ್ತಾನೆ ಕವಿ. ಗೂಡಿಗೆ ಮರಳುವ ಹಕ್ಕಿ! ಮನೆಗೆ ಮರಳುವವನ ಕಾವ್ಯದಲ್ಲಿ ಈ ಮಾತು ಸುಮ್ನೆ ಬಂದಿಲ್ಲ. ಆ ದಾಸಿಯರಿಗೆ ಬೇಡ ಅನ್ನುವ ಸ್ವಾತಂತ್ರ್ಯ ಎಷ್ಟಿತ್ತು? ಕಾವ್ಯ ಕೇಳುವುದಿಲ್ಲ, ನೀನು ಕೇಳಬಹುದು. ನಾಯಕನ ಮೇಲಿನ ಪ್ರೀತಿಗೆ ಇದನ್ನು ಮುಚ್ಚಿಟ್ಟರೆ ಅವನ ಮನೆ ಎಷ್ಟು ಬೆಲೆಗೆ ಮರಳಿ ಸಿಕ್ಕಿತು ಎಂಬುದೇ ಓದುಗನಿಗೆ ತಿಳಿಯುವುದಿಲ್ಲ.

ಹೊಸ ಕರಡಿಗೆ ಕೂರುವಾಗ ಮೊದಲು ಒಡಿಸ್ಯೂಸ್‌ನ ಅಪ್ಪ ಲಯೆರ್ಟಿಸ್‌ನ ಭಾಗ ಬರೆ. ಅದು 24ನೇ ಸರ್ಗದಲ್ಲಿದೆ. ತೇಪೆ ಹಾಕಿದ ಬಟ್ಟೆಯಲ್ಲಿ ಮುದುಕ ತೋಟದ ಗಿಡದ ಬುಡ ಅಗೆಯುತ್ತಿರುತ್ತಾನೆ. ಮಗ ಗಾಯದ ಕಲೆ ತೋರಿಸುತ್ತಾನೆ. ಆಮೇಲೆ, ಚಿಕ್ಕವನಿದ್ದಾಗ ನಿನ್ನ ಹಿಂದೆ ಹಿಂದೆ ಬರುತ್ತಾ ಕೇಳುತ್ತಿದ್ದೆ, ನೀನು ನನಗೆ ಕೊಟ್ಟ ಮರಗಳು ಇವು ಎಂದು ಲೆಕ್ಕ ಒಪ್ಪಿಸುತ್ತಾನೆ: 13 ಪೇರ್, 10 ಸೇಬು, 40 ಅಂಜೂರ, 50 ಸಾಲು ದ್ರಾಕ್ಷಿ. ಇದರಲ್ಲಿ ಒಂದಾದರೂ ಭಾವದ ಮಾತಿದೆಯಾ? ಮುದುಕನ ಮೊಣಕಾಲು ಮಾತ್ರ ಕುಸಿಯುತ್ತದೆ. ಈ ಭಾಗವನ್ನು ನಿನ್ನ ಮಾತಿನಲ್ಲಿ ನಾಲ್ಕು ಪುಟ ಬರೆದು ನನಗೆ ಕಳಿಸು. ಮಿಕ್ಕದ್ದು ಆಮೇಲೆ ಕೂತು ನೋಡೋಣ.

ಪ್ರೀತಿಯಿಂದ,
ನಿನ್ನ ಅಣ್ಣ